ಮೋರಿ ಕೆಳಗೆ ನಿಂತ ಮೀನು

ನವೆಂಬರಿನ ಒಂದು ಶನಿವಾರ ಬೆಳಿಗ್ಗೆ. ಸಿಯಾಟಲ್ ಕಡೆಯ ಮಳೆ ನಮ್ಮ ಆಗುಂಬೆ ಮಳೆಯ ಹಾಗೆ ಧೋ ಎಂದು ಹೊಯ್ಯುವುದಿಲ್ಲ. ಜಿಟಿಜಿಟಿ ಎಂದು ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅಂಥ ಮಳೆಯಲ್ಲೇ ಗೆಳೆಯರೊಬ್ಬರು ರಸ್ತೆ ಪಕ್ಕ ಕಾರು ನಿಲ್ಲಿಸಿ, ಮುಳ್ಳುಕಂಟಿ ಸರಿಸಿ, "ಇಲ್ಲಿ ಇಳೀರಿ, ಒಂದು ತೋರಿಸ್ತೀನಿ" ಎಂದರು. ಇಳಿದು ನೋಡಿದರೆ ಒಂದು ಮೋರಿ.

ಸುಕ್ಕುಸುಕ್ಕು ತಗಡಿನ ಕೊಳವೆ. ತಳ ತುಕ್ಕು ಹಿಡಿದು ಕೆಂಪಗಾಗಿದೆ. ಅದರ ಬಾಯಿ ಹಳ್ಳದ ನೀರಿಗಿಂತ ಸೊಂಟದೆತ್ತರ ಮೇಲೆ ನಿಂತಿದೆ. ಅಲ್ಲಿಂದ ನೀರು ಕೆಳಗಿನ ಗುಂಡಿಗೆ ಬೀಳುತ್ತಿದೆ. ಗುಂಡಿಯಲ್ಲಿ ಎರಡು ಮೀನು. ಮೊಳಕ್ಕಿಂತ ಉದ್ದ, ಪಕ್ಕೆ ಕೆಂಪು, ಮೂತಿ ಕೊಕ್ಕೆಯ ಹಾಗೆ ಬಾಗಿದೆ. ಒಂದು ಹಿಂದೆ ಸರಿದು, ಬಾಲ ಬಡಿದು ಹಾರಿತು. ಕೊಳವೆಯ ಅಂಚಿಗೆ ಮೂತಿ ಬಡಿಯಿತು. ಬಿತ್ತು. ಒಂದೆರಡು ನಿಮಿಷ ಸುಮ್ನೆ ನಿಂತಿತು. ಮತ್ತೆ ಹಾರಿತು. ನಾವಿದ್ದ ಅರ್ಧ ಗಂಟೆಯಲ್ಲಿ ಹನ್ನೊಂದು ಸಲ ಎಣಿಸಿದೆ. ಒಂದು ಸಲವೂ ಒಳಗೆ ಹೋಗಲಿಲ್ಲ. ತಲೆಯ ಮೇಲೆ ರಸ್ತೆಯಲ್ಲಿ ಕಾರುಗಳು ಓಡುತ್ತಲೇ ಇದ್ದವು.

ಅದು ಕೋಹೊ ಸಾಲ್ಮನ್. ಇಂಥದ್ದೇ ಒಂದು ಸಣ್ಣ ಹಳ್ಳದ ಜಲ್ಲಿಕಲ್ಲಿನ ಸಂದಿಯಲ್ಲಿ ಮೊಟ್ಟೆಯೊಡೆದು ಬಂದದ್ದು. ವರ್ಷಕ್ಕೂ ಜಾಸ್ತಿ ಸಿಹಿನೀರಿನಲ್ಲೇ ಬೆಳೆದು, ಆಮೇಲೆ ಸಮುದ್ರಕ್ಕಿಳಿದು, ಮೂರನೇ ವರ್ಷ ನೀರಿನ ವಾಸನೆ ಹಿಡಿದು ವಾಪಸು ಬಂದಿದೆ. ಹಳ್ಳ ಸೇರಿದ ಮೇಲೆ ಅದು ತಿನ್ನುವುದು ಬಿಟ್ಟುಬಿಡುತ್ತದೆ. ಮೈಯಲ್ಲಿ ಕೂಡಿಟ್ಟದ್ದನ್ನೇ ಕರಗಿಸುತ್ತಾ ಮೇಲೇರಿ, ಮೊಟ್ಟೆಯಿಟ್ಟು, ಸಾಯುತ್ತದೆ. ಅಂದರೆ ಆ ಗುಂಡಿಯಲ್ಲಿ ಹಾರಿದ ಹನ್ನೊಂದು ಸಲವೂ ಗಂಟಿನಿಂದ ಹೋದ ಖರ್ಚು.

ಇಂಥ ಮೋರಿಗಳನ್ನು ಕಿತ್ತು, ಮೀನು ದಾಟುವ ಹಾಗೆ ಮತ್ತೆ ಕಟ್ಟಬೇಕು ಎಂದು ವಾಷಿಂಗ್ಟನ್ ರಾಜ್ಯಕ್ಕೆ ಕೋರ್ಟು ಆದೇಶ ಕೊಟ್ಟಿದೆ. ಇದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಅಲ್ಲ, ಪೆಸಿಫಿಕ್ ದಂಡೆಯ ಸಿಯಾಟಲ್ ಇರುವ ರಾಜ್ಯ. ಖರ್ಚು ನೂರಾರು ಕೋಟಿ ಡಾಲರ್. ಗಡುವು 2030. ಇಲ್ಲಿನ ಕನ್ನಡಿಗರ ಮನೆಯೂಟದಲ್ಲಿ ಈ ವಿಷಯ ಬಂದರೆ ಮೊದಲು ಕೇಳುವ ಮಾತು ಒಂದೇ: "ಮೀನಿಗೆ ಇಷ್ಟು ದುಡ್ಡಾ?" ಕೇಳುವುದರಲ್ಲಿ ತಪ್ಪಿಲ್ಲ. ಆದರೆ ದುಡ್ಡು ಬರೀ ಮೀನಿಗಾಗಿ ಹೋಗುತ್ತಿಲ್ಲ. ಕೊಟ್ಟ ಮಾತೊಂದಕ್ಕಾಗಿ ಹೋಗುತ್ತಿದೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು, ಒಂದು ಕೊಳವೆ ಗೋಡೆಯಾಗುವುದು ಹೇಗೆ ಅಂತ ನೋಡಬೇಕು.

ನೀರು ಹೋಗುತ್ತದೆ, ಮೀನು ಹೋಗುವುದಿಲ್ಲ

ರಸ್ತೆ ಹಾಕುವವರಿಗೆ ಹಳ್ಳ ಎಂದರೆ ಒಂದು ಅಡ್ಡಿ. ಅವರ ಲೆಕ್ಕ ಸುಲಭ: ಜೋರು ಮಳೆ ಬಂದಾಗ ಎಷ್ಟು ನೀರು ಬರುತ್ತದೆ, ಅದು ರಸ್ತೆ ಮೇಲೆ ಹರಿಯದ ಹಾಗೆ ಆಚೆ ದಾಟಿಸಲು ಎಷ್ಟು ದಪ್ಪದ ಕೊಳವೆ ಸಾಕು. ದಪ್ಪ ಕಮ್ಮಿಯಾದಷ್ಟೂ ದುಡ್ಡು ಉಳಿತಾಯ. ಹಾಗಾಗಿ ಮೂರು ಮೀಟರ್ ಅಗಲಕ್ಕೆ ಹರಡಿಕೊಂಡು ಹರಿಯುವ ಹಳ್ಳವನ್ನು ಒಂದು ಮೀಟರ್ ಕೊಳವೆಯೊಳಗೆ ತುರುಕುತ್ತಾರೆ. ನೀರಿನ ಲೆಕ್ಕಕ್ಕೆ ಅದು ಸರಿಯೇ.

ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ಏನಾಗುತ್ತದೆ? ನೀರು ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಮೋರಿಯಲ್ಲೂ ಅದೇ. ಇಕ್ಕಟ್ಟಿನಲ್ಲಿ ಸಿಕ್ಕ ನೀರಿಗೆ ವೇಗ ಬರುತ್ತದೆ. ಆಚೆ ಬಾಯಿಂದ ನುಗ್ಗುವಾಗ ಅದು ಹಳ್ಳದ ತಳವನ್ನು ಕೊರೆಯುತ್ತದೆ. ವರ್ಷದಿಂದ ವರ್ಷಕ್ಕೆ ಗುಂಡಿ ಆಳವಾಗುತ್ತದೆ, ಹಳ್ಳದ ಮಟ್ಟ ಕೆಳಗಿಳಿಯುತ್ತದೆ. ಕೊಳವೆ ಮಾತ್ರ ಇದ್ದಲ್ಲೇ ಇರುತ್ತದೆ. ಹಾಕಿದ ದಿನ ನೀರಿನ ಮಟ್ಟಕ್ಕೇ ಇದ್ದ ಬಾಯಿ ಮೂವತ್ತು ವರ್ಷದಲ್ಲಿ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಹೀಗಾಗಿ ಕಟ್ಟಿದವರನ್ನು ಕೇಳಿದರೆ "ನಾವು ಹಾಕುವಾಗ ಸರಿ ಇತ್ತು" ಎನ್ನುತ್ತಾರೆ. ಸುಳ್ಳಲ್ಲ.

ಎತ್ತರವೊಂದೇ ತೊಂದರೆಯಲ್ಲ. ಹಳ್ಳದ ತಳದಲ್ಲಿ ಕಲ್ಲಿರುತ್ತದೆ, ಬೇರಿರುತ್ತದೆ, ಬಿದ್ದ ಮರದ ದಿಮ್ಮಿ ಇರುತ್ತದೆ. ಅವುಗಳ ಹಿಂದೆ ನೀರು ನಿಧಾನವಾಗುತ್ತದೆ. ಮೀನು ಒಂದು ಕಲ್ಲಿನ ಮರೆಯಿಂದ ಇನ್ನೊಂದರ ಮರೆಗೆ ದಮ್ಮು ತೆಗೆದುಕೊಳ್ಳುತ್ತಾ ಹತ್ತುತ್ತದೆ. ಕೊಳವೆಯೊಳಗೆ ಮರೆಯೇ ಇಲ್ಲ. ಇಪ್ಪತ್ತು, ಮೂವತ್ತು ಮೀಟರ್ ನುಣ್ಣನೆ ತಳ, ಒಂದೇ ವೇಗ. ಮಳೆ ಜಾಸ್ತಿಯಾದರೆ ನೀರಿನ ಎದುರು ಈಜಲಾಗುವುದಿಲ್ಲ. ಕಮ್ಮಿಯಾದರೆ ನೀರು ಎಷ್ಟು ತೆಳುವಾಗಿ ಹರಡುತ್ತದೆಂದರೆ ಮೀನಿನ ಬೆನ್ನೂ ಮುಳುಗುವುದಿಲ್ಲ.

ವಾಷಿಂಗ್ಟನ್ ರಾಜ್ಯದ ಮೀನುಗಾರಿಕೆ ಇಲಾಖೆಯವರು ಮೋರಿ ತಪಾಸಣೆಗೆ ಹೋದಾಗ ನೋಡುವುದು ಇವನ್ನೇ. ಬಾಯಿಂದ ನೀರು 24 ಸೆಂಟಿಮೀಟರಿಗಿಂತ ಹೆಚ್ಚು ಧುಮುಕುತ್ತಿದೆಯಾ? ಒಳಗೆ ಕಲ್ಲುಮಣ್ಣಿನ ತಳವೇ ಇಲ್ಲದೆ ಇಳಿಜಾರು ನೂರಕ್ಕೆ ಒಂದರಷ್ಟಾದರೂ ಇದೆಯಾ? ಹಾಗಿದ್ದರೆ ಅದು ಅಡ್ಡಿ. 24 ಸೆಂಟಿಮೀಟರ್ ಎಂದರೆ ಒಂದು ಗೇಣಿಗಿಂತ ತುಸು ಜಾಸ್ತಿ. ಸಾಲ್ಮನ್ ಜಲಪಾತ ಹಾರುವ ಚಿತ್ರ ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಹಾರುವುದಕ್ಕೆ ಕೆಳಗೆ ಆಳದ ನೀರು ಬೇಕು, ಮೇಲೆ ಕಾಲೂರಲು ಜಾಗ ಬೇಕು. ಮೀನಿಗೆ ಕಾಲಿಲ್ಲ ನಿಜ, ಮಾತಿಗೆ ಹೇಳಿದೆ. ಅಲ್ಲದೆ ದಾಟಬೇಕಾದವು ದೊಡ್ಡ ಮೀನು ಮಾತ್ರವಲ್ಲ. ಕೋಹೊ ಮರಿಗಳು ಸಮುದ್ರಕ್ಕೆ ಹೋಗುವ ಮುಂಚೆ ಹಳ್ಳದಲ್ಲೇ ಮೇಲೆ ಕೆಳಗೆ ಓಡಾಡುತ್ತವೆ. ಬೇಸಿಗೆಯಲ್ಲಿ ತಣ್ಣೀರಿನ ಕಡೆ, ಮಳೆಗಾಲದಲ್ಲಿ ನೆರೆ ತಾಗದ ಪಕ್ಕದ ತೊರೆಗಳ ಕಡೆ. ಬೆರಳುದ್ದದ ಮರಿಗೆ ಒಂದು ಗೇಣೇ ಬೆಟ್ಟ.

ಚಿನೂಕ್ ಜಾರ್ಗನ್‌ನಲ್ಲಿ ಕೊಟ್ಟ ಮಾತು

ಈಗ ಮಾತಿನ ವಿಷಯ. 1854 ಮತ್ತು 1855ರಲ್ಲಿ ಆಗಿನ ವಾಷಿಂಗ್ಟನ್ ಪ್ರಾಂತ್ಯದ ಗವರ್ನರ್ ಐಸಾಕ್ ಸ್ಟೀವನ್ಸ್ ಅಲ್ಲಿನ ಬುಡಕಟ್ಟುಗಳನ್ನು ಒಂದೊಂದಾಗಿ ಕರೆದು ಒಪ್ಪಂದ ಮಾಡಿಕೊಂಡ. ಮೊದಲನೆಯದು 1854ರ ಡಿಸೆಂಬರಿನಲ್ಲಿ ಮೆಡಿಸಿನ್ ಕ್ರೀಕ್ ಎಂಬ ಹಳ್ಳದ ದಂಡೆಯಲ್ಲಿ. ಮಾತುಕತೆ ನಡೆದದ್ದು ಚಿನೂಕ್ ಜಾರ್ಗನ್‌ನಲ್ಲಿ. ಅದು ವ್ಯಾಪಾರಕ್ಕೆಂದು ಹುಟ್ಟಿದ, ಕೆಲವೇ ನೂರು ಪದಗಳ ಬೆರಕೆ ಭಾಷೆ. ಸಂತೆಯಲ್ಲಿ ಚೌಕಾಸಿ ಮಾಡಲು ಸಾಕಾಗುವ ಭಾಷೆಯಲ್ಲಿ ಒಂದು ನಾಡನ್ನೇ ಬರೆಸಿಕೊಂಡರು! ಬುಡಕಟ್ಟುಗಳು ನೆಲ ಬಿಟ್ಟುಕೊಟ್ಟವು. ಆದರೆ ಒಂದನ್ನು ಕೈಬಿಡಲಿಲ್ಲ: ಹಿಂದಿನಿಂದ ಮೀನು ಹಿಡಿಯುತ್ತಾ ಬಂದ ಜಾಗಗಳಲ್ಲಿ, ಪ್ರಾಂತ್ಯದ ಉಳಿದ ಪ್ರಜೆಗಳ ಜೊತೆಗೆ, ಮೀನು ಹಿಡಿಯುವ ಹಕ್ಕು.

ಇದು ಸರ್ಕಾರ ಅವರಿಗೆ ಕೊಟ್ಟ ಸವಲತ್ತಲ್ಲ ಎಂಬುದನ್ನು ನೆನಪಿಡಬೇಕು. 1905ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು. ಒಪ್ಪಂದದಲ್ಲಿ ಕೊಟ್ಟವರು ಬುಡಕಟ್ಟಿನವರು, ತೆಗೆದುಕೊಂಡದ್ದು ಸರ್ಕಾರ. ಮನೆ ಮಾರುವವರು "ಹಿತ್ತಿಲ ಬಾವಿಯ ನೀರು ನಮಗೂ ಇರಲಿ" ಎಂದು ಪತ್ರದಲ್ಲಿ ಬರೆಸಿಕೊಂಡ ಹಾಗೆ.

ಬರೆಸಿಕೊಂಡದ್ದೇನೋ ಸರಿ, ನಡೆಯಬೇಕಲ್ಲ? ಇಪ್ಪತ್ತನೇ ಶತಮಾನದಲ್ಲಿ ದಶಕಗಟ್ಟಲೆ ರಾಜ್ಯದ ಅಧಿಕಾರಿಗಳು ಬುಡಕಟ್ಟಿನವರ ಬಲೆ ಕಿತ್ತುಕೊಂಡರು, ದೋಣಿ ಜಪ್ತಿ ಮಾಡಿದರು, ಜೈಲಿಗೆ ಹಾಕಿದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ ಮೊದಲ ಸಲ ಬಂಧನಕ್ಕೊಳಗಾದದ್ದು 1945ರಲ್ಲಿ, ಹದಿನಾಲ್ಕು ವರ್ಷದ ಹುಡುಗನಾಗಿದ್ದಾಗ. ಆಮೇಲೆ ಐವತ್ತಕ್ಕೂ ಹೆಚ್ಚು ಸಲ. 1960ರ ದಶಕದಲ್ಲಿ ಇದು 'ಮೀನು ಯುದ್ಧ' ಎಂದೇ ಹೆಸರಾಯಿತು. ಕೊನೆಗೆ 1974ರ ಫೆಬ್ರವರಿ 12ರಂದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ತೀರ್ಪು ಕೊಟ್ಟರು. 'ಜೊತೆಗೆ' ಎಂದರೆ ಸಮಪಾಲು, ಹಿಡಿಯಬಹುದಾದ ಮೀನಿನಲ್ಲಿ ಅರ್ಧದವರೆಗೆ ಬುಡಕಟ್ಟುಗಳದ್ದು ಎಂದರು. ಊರು ಉರಿಯಿತು. ಬೋಲ್ಟ್ ಅವರ ಪ್ರತಿಕೃತಿ ನೇತುಹಾಕಿದರು. ಆದರೆ 1979ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿನ ತಿರುಳನ್ನು ಎತ್ತಿಹಿಡಿಯಿತು.

ಅರ್ಧ ಸಿಕ್ಕಿತು. ಯಾವುದರ ಅರ್ಧ? ಅಷ್ಟು ಹೊತ್ತಿಗೆ ಮೀನೇ ಕಮ್ಮಿಯಾಗುತ್ತಿತ್ತು. ಅತಿಯಾಗಿ ಹಿಡಿದದ್ದು, ಅಣೆಕಟ್ಟು, ಕಾಡು ಕಡಿದದ್ದು, ಊರು ಬೆಳೆದದ್ದು, ಕಾರಣ ಒಂದೆರಡಲ್ಲ. ಆದರೆ ಅವುಗಳಲ್ಲಿ ಮೋರಿಯಷ್ಟು ಸ್ಪಷ್ಟವಾಗಿ ಬೆರಳಿಟ್ಟು ತೋರಿಸಬಹುದಾದದ್ದು ಇನ್ನೊಂದಿರಲಿಲ್ಲ. 1997ರಲ್ಲಿ ರಾಜ್ಯದ ಇಲಾಖೆಗಳೇ ಶಾಸಕಾಂಗಕ್ಕೆ ವರದಿ ಕೊಟ್ಟವು: ರಾಜ್ಯದ ರಸ್ತೆಗಳ ಕೆಳಗಿನ ಅಡ್ಡಿ ಮೋರಿಗಳನ್ನು ಸರಿಮಾಡಿದರೆ ವರ್ಷಕ್ಕೆ ಸುಮಾರು 2 ಲಕ್ಷ ಮೀನು ಹೆಚ್ಚಾಗಬಹುದು. ಆ ಕಾಗದವೇ ಮುಂದೆ ರಾಜ್ಯದ ಎದುರು ಸಾಕ್ಷಿಯಾಯಿತು. 2001ರಲ್ಲಿ 21 ಬುಡಕಟ್ಟುಗಳು ಕೋರ್ಟಿಗೆ ಹೋದವು. ಒಕ್ಕೂಟ ಸರ್ಕಾರವೂ ಅವರ ಪರ ನಿಂತಿತು.

ವಾದ ನೇರವಾಗಿತ್ತು. ಮೀನು ಹಿಡಿಯುವ ಹಕ್ಕಿದೆ ಎಂದಮೇಲೆ, ಹಿಡಿಯಲು ಮೀನೂ ಇರಬೇಕಲ್ವಾ? ರಾಜ್ಯ ಇದನ್ನು ಒಪ್ಪಲಿಲ್ಲ. ಮೇಲ್ಮನವಿ ಕೋರ್ಟಿನಲ್ಲಿ ಒಂದು ಸ್ವಾರಸ್ಯದ ಗಳಿಗೆ ಬಂತು. ನಿಮ್ಮ ವಾದದ ಪ್ರಕಾರ, ರಾಜ್ಯವು ಸಾಲ್ಮನ್ ಬರುವ ಎಲ್ಲ ಹಳ್ಳಕೊಳ್ಳಕ್ಕೂ ಅಡ್ಡಕಟ್ಟೆ ಹಾಕಿದರೂ ಒಪ್ಪಂದ ಮುರಿದ ಹಾಗಾಗುವುದಿಲ್ಲ, ಅಲ್ಲವೇ ಎಂದು ನ್ಯಾಯಾಧೀಶರು ಕೇಳಿದರು. ನಾವು ಹಾಗೆ ಮಾಡುವುದಿಲ್ಲ, ಆದರೆ ಒಪ್ಪಂದವಂತೂ ಅದನ್ನು ತಡೆಯುವುದಿಲ್ಲ ಎಂದು ರಾಜ್ಯದ ವಕೀಲರು ಉತ್ತರಿಸಿದರು. ನನಗನ್ನಿಸುವ ಮಟ್ಟಿಗೆ ರಾಜ್ಯ ಕೇಸು ಸೋತದ್ದು ಅಲ್ಲೇ. ಮೀನಿಲ್ಲದ ಹೊಳೆಯಲ್ಲಿ ಬಲೆ ಬೀಸುವ ಹಕ್ಕನ್ನು ಉಳಿಸಿಕೊಳ್ಳಲು ಯಾರೂ ತಮ್ಮ ನೆಲ ಬಿಟ್ಟುಕೊಡುವುದಿಲ್ಲ.

ನ್ಯಾಯಾಧೀಶ ರಿಕಾರ್ಡೊ ಮಾರ್ಟಿನೆಜ್ 2007ರಲ್ಲಿ ಬುಡಕಟ್ಟುಗಳ ಪರ ತೀರ್ಪು ಕೊಟ್ಟಿದ್ದರು. ರಾಜ್ಯ ಸರಿಮಾಡುತ್ತಿದ್ದ ವೇಗ ನೋಡಿದರೆ ಎಲ್ಲ ಮುಗಿಯಲು ನೂರು ವರ್ಷಕ್ಕೂ ಜಾಸ್ತಿ ಬೇಕಿತ್ತು. ಹಾಗಾಗಿ 2013ರಲ್ಲಿ ಗಡುವು ಹಾಕಿದರು. ಮೋರಿಯ ಮೇಲ್ಭಾಗದಲ್ಲಿ 200 ಮೀಟರಿಗಿಂತ ಜಾಸ್ತಿ ಮೀನಿನ ನೆಲೆ ಇರುವ ಕಡೆ ಹೆದ್ದಾರಿ ಮೋರಿಗಳನ್ನು 17 ವರ್ಷದೊಳಗೆ ಬದಲಿಸಬೇಕು. ಮುಚ್ಚಿಹೋದ ನೆಲೆಯಲ್ಲಿ ನೂರಕ್ಕೆ ತೊಂಬತ್ತರಷ್ಟನ್ನಾದರೂ 2030ರೊಳಗೆ ತೆರೆಯಬೇಕು. 2018ರ ಜೂನ್ 11ರಂದು ವಿಷಯ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು, ಅದೂ ಹೇಗೆ? ನ್ಯಾಯಮೂರ್ತಿ ಕೆನಡಿ ದಶಕಗಳ ಹಿಂದೆ ಮೇಲ್ಮನವಿ ಕೋರ್ಟಿನಲ್ಲಿದ್ದಾಗ ಇದೇ ವ್ಯಾಜ್ಯದ ಹಿಂದಿನ ಹಂತವನ್ನು ಕೇಳಿದ್ದರು. ಅದಕ್ಕೆ ಅವರು ಹೊರಗುಳಿದರು. ಉಳಿದ ಎಂಟು ಜನ ನಾಲ್ಕು-ನಾಲ್ಕು ಆದರು. ಸಮಬಲವಾದರೆ ಕೆಳಗಿನ ತೀರ್ಪೇ ನಿಲ್ಲುತ್ತದೆ. ಒಂದು ಸಾಲಿನ ಆದೇಶ, ಕಾರಣ ಬರೆಯಲಿಲ್ಲ. ಐವತ್ತು ಸಲ ಜೈಲು ಕಂಡ ಬಿಲ್ಲಿ ಫ್ರಾಂಕ್ ಅದನ್ನು ನೋಡಲು ಇರಲಿಲ್ಲ. 2014ರಲ್ಲೇ ತೀರಿಕೊಂಡಿದ್ದರು.

ಹಳ್ಳಕ್ಕೆ ರಸ್ತೆ ಇದೆ ಅಂತಲೇ ಗೊತ್ತಾಗಬಾರದು

ಹೊಸ ಮೋರಿ ಹೇಗಿರುತ್ತದೆ? ಮೊದಮೊದಲು ಹಳೆ ಕೊಳವೆಯೊಳಗೇ ಅಡ್ಡಪಟ್ಟಿ ಕೂರಿಸಿ ನೀರಿನ ವೇಗ ತಗ್ಗಿಸಲು ನೋಡಿದರು. ಕೊಂಬೆ, ಎಲೆ ಸಿಕ್ಕಿಕೊಂಡು ಕಟ್ಟಿಕೊಂಡಿತು. ಯಾವ ಮೀನು ಎಷ್ಟು ವೇಗಕ್ಕೆ ಈಜುತ್ತದೆ ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕ ಕೊಳವೆ ಮಾಡುವುದೂ ನಡೆಯಿತು. ಒಂದು ಜಾತಿಗೆ ಸರಿಯಾದರೆ ಇನ್ನೊಂದಕ್ಕೆ ಇಲ್ಲ, ದೊಡ್ಡದಕ್ಕೆ ಸರಿಯಾದರೆ ಮರಿಗೆ ಇಲ್ಲ.

ಈಗಿನ ದಾರಿ ಬೇರೆ. ಮೀನಿನ ಲೆಕ್ಕವನ್ನೇ ಬಿಟ್ಟು ಹಳ್ಳದ ಲೆಕ್ಕ ಹಿಡಿದರು. ಮೋರಿಯಿಂದ ದೂರ, ಕೆಡದೆ ಉಳಿದ ಕಡೆ ಹೋಗಿ ಹಳ್ಳದ ದಂಡೆಯಿಂದ ದಂಡೆಗೆ ಟೇಪು ಹಿಡಿಯುತ್ತಾರೆ. ಆ ಅಗಲದ 1.2 ಪಟ್ಟು, ಅದರ ಮೇಲೆ ಇನ್ನೆರಡು ಅಡಿ. ಮೂರು ಮೀಟರಿನ ಹಳ್ಳಕ್ಕೆ ಹೆಚ್ಚುಕಡಿಮೆ 4.2 ಮೀಟರ್ ಮೋರಿ. ಅದರೊಳಗೆ ಹಳ್ಳದ್ದೇ ಇಳಿಜಾರಿನಲ್ಲಿ ಕಲ್ಲು, ಜಲ್ಲಿ, ಮರಳು ತುಂಬಿ ತಳ ಮಾಡುತ್ತಾರೆ. ಹಳ್ಳ ದೊಡ್ಡದಾದರೆ ಮೋರಿಯ ಮಾತೇ ಇಲ್ಲ, ಸೇತುವೆ. ಒಟ್ಟಿನಲ್ಲಿ ಮೇಲೆ ರಸ್ತೆ ಇದೆ ಅಂತ ಹಳ್ಳಕ್ಕೆ ಗೊತ್ತೇ ಆಗಬಾರದು. ಹಳ್ಳ ಹಳ್ಳದ ಹಾಗೇ ಇದ್ದರೆ ಯಾವ ಮೀನು ಹೇಗೆ ದಾಟಬೇಕು ಎನ್ನುವುದು ಮೀನಿಗೇ ಗೊತ್ತು.

ಕೆಲಸ ನಡೆಯುವುದು ನೋಡಲು ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ನೀರು ಕಮ್ಮಿಯಿರುವ ಕೆಲವೇ ವಾರ ಹಳ್ಳಕ್ಕಿಳಿಯಲು ಅನುಮತಿ. ಮೊದಲು ಮೇಲೆ ಕೆಳಗೆ ಬಲೆ ಕಟ್ಟಿ, ನಡುವೆ ಸಿಕ್ಕಿಕೊಂಡ ಮರಿಗಳನ್ನು ಬಕೆಟ್ಟಿನಲ್ಲಿ ಹೊತ್ತು ಬೇರೆ ಕಡೆ ಬಿಡುತ್ತಾರೆ. ಆಮೇಲೆ ಹಳ್ಳವನ್ನೇ ಪೈಪಿನಲ್ಲಿ ಬಳಸಿ ಒಯ್ದು, ರಸ್ತೆ ಕಡಿಯುತ್ತಾರೆ. ಹೆದ್ದಾರಿಯಾದರೆ ಬದಲಿ ರಸ್ತೆ ಬೇಕು. ಕೆಲವು ಕಡೆ ಕೊಳವೆಯ ಮೇಲೆ ಮೂರು ನಾಲ್ಕು ಆಳು ಎತ್ತರದ ಮಣ್ಣಿರುತ್ತದೆ. ಖರ್ಚು ಏರುವುದು ಮುಖ್ಯವಾಗಿ ಇಲ್ಲಿ. ಒಂದು ಕೊಳವೆ ಹಾಕಲು ಎಷ್ಟು ಸಲೀಸೋ, ಬದಲಿಸುವುದು ಅಷ್ಟೇ ಕಷ್ಟ. ಏಕೆಂದರೆ ಈ ನಡುವೆ ಊರು ಅದರ ಮೇಲೆ ಬೆಳೆದುಬಿಟ್ಟಿರುತ್ತದೆ.

ಇದರಿಂದ ಮೀನಿಗಷ್ಟೇ ಲಾಭವಲ್ಲ. 2011ರ ಆಗಸ್ಟಿನಲ್ಲಿ ಐರೀನ್ ಚಂಡಮಾರುತ ಅಮೆರಿಕದ ಪೂರ್ವದ ವರ್ಮಾಂಟ್ ರಾಜ್ಯಕ್ಕೆ ಬಡಿದಾಗ ನೂರಾರು ಮೋರಿಗಳು ಕೊಚ್ಚಿಹೋದವು. ಅಲ್ಲಿನ ಗ್ರೀನ್ ಮೌಂಟನ್ ಕಾಡಿನಲ್ಲಿ ಹಳ್ಳದ ಅಗಲಕ್ಕೆ ಕಟ್ಟಿದ ಹೊಸ ಮೋರಿಗಳು ಉಳಿದುಕೊಂಡವು. ಸಣ್ಣ ಕೊಳವೆಯ ಬಾಯಿಗೆ ಒಂದು ಮರದ ದಿಮ್ಮಿ ಸಿಕ್ಕಿದರೆ ಸಾಕು, ರಸ್ತೆಯೇ ಅಣೆಕಟ್ಟಾಗಿ, ನೀರು ಮೇಲೇರಿ, ಡಾಂಬರು ಸಮೇತ ಎತ್ತಿಕೊಂಡು ಹೋಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ರಸ್ತೆಗಳ ಗತಿ ನೋಡಿದವರಿಗೆ ನೀರು ದಾರಿ ಬಿಡಿಸಿಕೊಳ್ಳುವ ಪರಿ ಏನೆಂದು ವಿವರಿಸಬೇಕಿಲ್ಲ.

ಕೋರ್ಟಿನ ಎಣಿಕೆ ಬೇರೆ, ಹಳ್ಳದ ಎಣಿಕೆ ಬೇರೆ

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ತೊಡಕು ಇನ್ನು ಮುಂದೆ.

ಕೋರ್ಟಿನ ಆದೇಶ ಇರುವುದು ರಾಜ್ಯ ಸರ್ಕಾರದ ಮೋರಿಗಳ ಮೇಲೆ ಮಾತ್ರ. ಕೇಸು ನಡೆದದ್ದು ರಾಜ್ಯದ ಮೇಲೆ, ಹಾಗಾಗಿ ಅದು ಸಹಜ. ಆದರೆ ಹಳ್ಳದ ಮೇಲೆ ರಾಜ್ಯದ ರಸ್ತೆ ಒಂದೇ ಇರುವುದಿಲ್ಲ. ಸಮುದ್ರದಿಂದ ಶುರುಮಾಡಿ ಹತ್ತಿದರೆ ಮೊದಲು ರೈಲು ಹಳಿ, ಆಮೇಲೆ ನಗರಸಭೆಯ ರಸ್ತೆ, ಆಮೇಲೆ ರಾಜ್ಯ ಹೆದ್ದಾರಿ, ಅದರಾಚೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ರಸ್ತೆ, ಅದಕ್ಕೂ ಆಚೆ ಯಾರದ್ದೋ ಮನೆಗೆ ಹೋಗುವ ಖಾಸಗಿ ದಾರಿ. ಒಂದೊಂದಕ್ಕೂ ಒಂದೊಂದು ಕೊಳವೆ. ರಾಜ್ಯ ತನ್ನ ಪಾಲಿನದನ್ನು ಕೋಟಿಗಟ್ಟಲೆ ಸುರಿದು ಭರ್ಜರಿಯಾಗಿ ಕಟ್ಟಿದೆ ಅಂದುಕೊಳ್ಳಿ. ಅದರ ಕೆಳಗಿನದು ಹಾಗೇ ಇದ್ದರೆ ಮೀನು ಅಲ್ಲಿಗೆ ತಲುಪುವುದೇ ಇಲ್ಲ. ಮೇಲಿನದು ಹಾಗೇ ಇದ್ದರೆ ಇನ್ನೂರು ಮೀಟರ್ ಹೋಗಿ ಮತ್ತೆ ತಲೆ ಚಚ್ಚಿಕೊಳ್ಳುತ್ತದೆ. ಏಳು ಬಾಗಿಲ ಮನೆಯಲ್ಲಿ ಮೂರನೇ ಬಾಗಿಲು ಮಾತ್ರ ತೆಗೆದಿಟ್ಟ ಹಾಗೆ.

ದುಡ್ಡಿನ ಲೆಕ್ಕ ನೋಡಿ. 2022ರಲ್ಲಿ ರಾಜ್ಯದ ಶಾಸಕಾಂಗ ಈ ಕೆಲಸಕ್ಕೆ 240 ಕೋಟಿ ಡಾಲರ್ ತೆಗೆದಿಟ್ಟಿತು. ಒಟ್ಟು ಅಂದಾಜು 380 ಕೋಟಿ ಇತ್ತು. 2024ರ ಹೊತ್ತಿಗೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಸುಲಭದವು ಮೊದಲು ಮುಗಿದವು, ಕಷ್ಟದವು ಉಳಿದವು, ಸಾಮಾನಿನ ಬೆಲೆಯೂ ಏರಿತು. ಈಗಿನ ಹಣದಲ್ಲಿ 2030ರ ಗುರಿ ಮುಟ್ಟಲಾಗುವುದಿಲ್ಲ ಎಂದು ರಾಜ್ಯವೇ ಹೇಳುತ್ತಿದೆ. ಒಕ್ಕೂಟ ಸರ್ಕಾರವೂ 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ದೇಶಕ್ಕೆಲ್ಲ ಸೇರಿ ಐದು ವರ್ಷಕ್ಕೆ 100 ಕೋಟಿ ಡಾಲರ್ ಮೋರಿಗೆಂದೇ ಇಟ್ಟಿತು. 2023ರ ಮೊದಲ ಕಂತಿನಲ್ಲಿ 19 ಕೋಟಿ 60 ಲಕ್ಷ ಡಾಲರ್ ಹೋದದ್ದು 169 ಮೋರಿಗಳಿಗೆ. ಇದು ಬುಡಕಟ್ಟುಗಳಿಗೂ ಊರು-ಕೌಂಟಿಗಳಿಗೂ ಸಿಗುವ ಹಣವಾದ್ದರಿಂದ ರಾಜ್ಯದ ಕೈಗೆ ನಿಲುಕದ ಬಾಗಿಲುಗಳನ್ನು ತೆಗೆಯಲು ಬರುತ್ತದೆ. ಆದರೆ ಬಾಗಿಲುಗಳು ಸಾವಿರಾರು.

ಹಾಗಾದರೆ ಕೋರ್ಟು ತಪ್ಪು ಮಾಡಿತೇ? ನನಗೆ ಹಾಗನ್ನಿಸುವುದಿಲ್ಲ. "ಕೆಳಗಿನವರದ್ದು ಸರಿಯಿಲ್ಲ, ನಾನ್ಯಾಕೆ ಸರಿಮಾಡಲಿ" ಎಂದು ಒಬ್ಬೊಬ್ಬರೂ ಕೂತಿದ್ದಕ್ಕೇ ನೂರು ವರ್ಷದ ಲೆಕ್ಕ ಬಂದದ್ದು. ಯಾರಾದರೂ ಒಬ್ಬರ ಕುತ್ತಿಗೆ ಹಿಡಿಯಲೇಬೇಕಿತ್ತು. ತಪ್ಪು ಇರುವುದು ಆ ಗಡುವನ್ನು ಪರೀಕ್ಷೆಯ ಅಂಕದ ಹಾಗೆ ನೋಡಿದ್ದರಲ್ಲಿ. ರಾಜ್ಯ ಹೆದರಿ, ತನ್ನ ಪಟ್ಟಿಯಲ್ಲಿರುವ ಮೋರಿಗೆ ಟಿಕ್ಕು ಹಾಕುತ್ತಾ ಹೋಯಿತು. ಮೇಲೆ ಕೆಳಗೆ ಏನಿದೆ ಎಂದು ನೋಡಿ, ಇಡೀ ಹಳ್ಳಕ್ಕೆ ಒಂದು ಯೋಜನೆ ಮಾಡಿ, ಬೇಕಾದರೆ ಪಕ್ಕದ ಕೌಂಟಿಯ ಪುಟ್ಟ ಕೊಳವೆಗೂ ತಾನೇ ದುಡ್ಡು ಕೊಟ್ಟಿದ್ದರೆ ಅದೇ ಡಾಲರಿಗೆ ಜಾಸ್ತಿ ಮೀನು ಸಿಗುತ್ತಿತ್ತು. ಬುಡಕಟ್ಟುಗಳ ಜೊತೆ ಕೂತು ಪಟ್ಟಿಯ ಕ್ರಮ ಬದಲಿಸಿಕೊಳ್ಳಲು ಈಗಲೂ ಅಡ್ಡಿಯಿಲ್ಲ. ಮಾತು ಕೊಟ್ಟವರೂ ಪಡೆದವರೂ ಇಬ್ಬರೂ ಇಲ್ಲೇ ಇದ್ದಾರೆ.

ಇನ್ನೊಂದು ಕಹಿ ಸಂಗತಿ ಇದೆ. ಎಲ್ಲ ಬಾಗಿಲು ತೆರೆದ ಮೇಲೂ, ಊರೊಳಗಿನ ಕೆಲವು ಹಳ್ಳಗಳಲ್ಲಿ ಕೋಹೊಗಳು ಬಂದ ಕೆಲವೇ ಗಂಟೆಗಳಲ್ಲಿ ಬಾಯಿ ಬಿಟ್ಟು, ಮಗುಚಿ ಸಾಯುತ್ತಿದ್ದವು. ಹೊಟ್ಟೆ ಸೀಳಿದರೆ ಮೊಟ್ಟೆ ಹಾಗೇ ತುಂಬಿಕೊಂಡಿರುತ್ತಿತ್ತು. ಮಳೆ ಬಂದ ಮರುದಿನ ಇದು ಜಾಸ್ತಿ. ಕಾರಣ ಸಿಕ್ಕಿದ್ದು 2020ರ ಕೊನೆಗೆ: ಕಾರಿನ ಟೈರು. ರಬ್ಬರು ಬಿರುಕು ಬಿಡದಿರಲಿ ಎಂದು ಹಾಕುವ ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ಇನ್ನೊಂದು ವಿಷವಾಗುತ್ತದೆ. ಸವೆದ ಟೈರಿನ ಪುಡಿ ಮಳೆನೀರಲ್ಲಿ ತೊಳೆದು ಹಳ್ಳ ಸೇರುತ್ತದೆ. ಕೋಹೊಗೆ ಚೂರೇ ಚೂರು ಸಾಕು. ಅದರ ಸೋದರ ಚಮ್ ಸಾಲ್ಮನ್‌ಗೆ ಅಷ್ಟು ತಾಗುವುದಿಲ್ಲ, ಯಾಕೋ. ರಸ್ತೆ ನೀರನ್ನು ಮರಳು ಮತ್ತು ಗೊಬ್ಬರದ ಮಣ್ಣಿನ ಮೂಲಕ ಸೋಸಿ ಬಿಟ್ಟರೆ ಮೀನು ಬದುಕುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದ್ದಾರೆ. ಅಂದರೆ ಮೋರಿಯನ್ನು ಮಾತ್ರ ನೋಡಿ, ಅದರ ಮೇಲಿನ ರಸ್ತೆಯನ್ನು ಬಿಟ್ಟರೆ ಆಗುವುದಿಲ್ಲ.

ನಮ್ಮ ಹತ್ತುಮೀನು

ಆ ಗುಂಡಿಯ ಮುಂದೆ ನಿಂತಾಗ ನನಗೆ ತೀರ್ಥಹಳ್ಳಿ ಕಡೆಯ ನಮ್ಮ ಊರು ನೆನಪಾಗದೆ ಇರಲಿಲ್ಲ. ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವೆ. ಮೊಟ್ಟೆಯಿಡಲು. ಅದಕ್ಕೇ ಅವಕ್ಕೆ ಹತ್ತುಮೀನು ಎಂದು ಹೆಸರು. ಕರಾವಳಿಯ ತುಳುವರು ಇದೇ ಕಾಲದ ಮೀನು ಬೇಟೆಗೆ ಉಬರ್ ಎನ್ನುತ್ತಾರೆ. ಇವು ಸಮುದ್ರಕ್ಕೆ ಹೋಗಿ ಬರುವ ಮೀನಲ್ಲ. ದಾರಿ ಅರ್ಧ ಮೈಲಿಯೋ ಎರಡು ಮೈಲಿಯೋ. ಆದರೆ ಆ ದಾರಿಯೂ ದಾರಿಯೇ.

ನಮ್ಮ ಮನೆಯ ಕೆಳಗಿನ ಹಳ್ಳಕ್ಕೆ ಮೊದಲು ಕಾಲುಸಂಕ ಇತ್ತು. ಅಡಿಕೆ ಮರ ಕಡಿದು ಅಡ್ಡ ಹಾಕಿದ್ದು. ಆಮೇಲೆ ಡಾಂಬರು ರಸ್ತೆ ಬಂತು, ಹಳ್ಳಕ್ಕೆ ಎರಡು ಸಿಮೆಂಟು ಪೈಪು ಹಾಕಿ ಮಣ್ಣು ಮುಚ್ಚಿದರು. ರಸ್ತೆ ಬಂದದ್ದು ಎಲ್ಲರಿಗೂ ಖುಷಿ. ನಮಗೂ. ಮಳೆಗಾಲದಲ್ಲಿ ಅಜ್ಜಿಯನ್ನು ಆಸ್ಪತ್ರೆಗೆ ಕಂಬಳಿಯಲ್ಲಿ ಹೊತ್ತು ಒಯ್ಯುವುದು ತಪ್ಪಿತು. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಪೈಪಿನ ಕೆಳಗೆ ಎದೆಮಟ್ಟದ ಗುಂಡಿ ಬಿತ್ತು. ಮೀನು ಬಂದು ಅಲ್ಲೇ ನಿಲ್ಲತೊಡಗಿದವು. ನಾವು ಹುಡುಗರು ಕುಣಿದಾಡಿದೆವು. ಮೊದಲು ರಾತ್ರಿಯಿಡೀ ಟಾರ್ಚು ಹಿಡಿದು ಗದ್ದೆ ಅಂಚಿನಲ್ಲಿ ಅಲೆಯಬೇಕಿತ್ತು, ಒಂಟಿಗೆ (ಗದ್ದೆಯ ನೀರುಗಂಡಿಗೆ) ಕೂಣಿ ಎಂಬ ಮೀನುಬುಟ್ಟಿ ಒಡ್ಡಿ ಕಾಯಬೇಕಿತ್ತು. ಈಗ ಪೈಪಿನ ಬಾಯಿಗೆ ಬಲೆ ಹಿಡಿದರೆ ಸಾಕು, ಹಾರಿದ ಮೀನು ತಾನೇ ಬಂದು ಬೀಳುತ್ತಿತ್ತು. ಮೋರಿ ಬಂದ ಮೇಲೆ ಮೀನು ಜಾಸ್ತಿಯಾಯಿತು ಅಂತಲೇ ಊರಲ್ಲಿ ಮಾತು. ಮೇಲಿನ ಗದ್ದೆಯಲ್ಲಿ ಮರಿ ಕಾಣದಾದದ್ದು ಗಮನಕ್ಕೆ ಬಂದದ್ದು ಎಷ್ಟೋ ವರ್ಷದ ಮೇಲೆ. ಆಗ ಗದ್ದೆಗೆ ಹೊಡೆಯುವ ಔಷಧಿಯ ಮೇಲೆ ತಪ್ಪು ಹೊರಿಸಿದರು. ಅದೂ ಇದ್ದಿರಬಹುದು.

ನಮ್ಮ ಹಳಬರ ಕಟ್ಟಗಳನ್ನು ನೆನೆಸಿಕೊಂಡರೆ ಆಶ್ಚರ್ಯವಾಗುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮಳೆ ನಿಂತ ಮೇಲೆ ಹೊಳೆ-ತೋಡುಗಳಿಗೆ ಕಲ್ಲುಮಣ್ಣಿನ ಕಟ್ಟ ಕಟ್ಟುತ್ತಾರೆ. ತೋಟಕ್ಕೆ ನೀರು ಸಿಗುತ್ತದೆ. ಮುಂಗಾರು ಬರುವ ಹೊತ್ತಿಗೆ ಅದನ್ನು ಬಿಡಿಸುತ್ತಾರೆ, ಇಲ್ಲವೇ ಹೊಳೆಯೇ ಒಯ್ಯುತ್ತದೆ. ಮೀನು ಹತ್ತುವ ಕಾಲಕ್ಕೆ ಸರಿಯಾಗಿ ದಾರಿ ತೆರೆದಿರುತ್ತದೆ. ಮೀನಿಗಾಗಿ ಹಾಗೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಹಲಗೆ ತೆಗೆಯುವ ಕಿಂಡಿ ಅಣೆಕಟ್ಟುಗಳಲ್ಲೂ ಮಳೆಗಾಲದಲ್ಲಿ ಕಿಂಡಿ ತೆರೆದೇ ಇರುತ್ತದೆ. ಪೈಪು ಮೋರಿಗೆ ಮಾತ್ರ ಋತು ಎಂಬುದಿಲ್ಲ.

ಹೋದ ವಾರ ಊರಿಗೆ ಫೋನು ಮಾಡಿದ್ದೆ. ರಸ್ತೆ ಅಗಲ ಮಾಡುತ್ತಾರಂತೆ, ಹಳ್ಳದ ಪೈಪು ತೆಗೆದು ಹೊಸ ಮೋರಿ ಹಾಕುತ್ತಾರಂತೆ. ಏಪ್ರಿಲಿನಲ್ಲಿ ಅಳತೆಗೆ ಬಂದಿದ್ದರು ಎಂದರು ಚಿಕ್ಕಪ್ಪ. ಏಪ್ರಿಲಿನಲ್ಲಿ ನಮ್ಮ ಹಳ್ಳದಲ್ಲಿ ಕಪ್ಪೆ ಮುಳುಗುವಷ್ಟೂ ನೀರಿರುವುದಿಲ್ಲ.

"ಏನು ಕೇಳಿದ್ರು ಚಿಕ್ಕಪ್ಪ?"

"ಮಳೆಗಾಲದಲ್ಲಿ ನೀರು ಎಷ್ಟು ಬರ್ತದೆ ಅಂದ್ರು. ಸೊಂಟದವರೆಗೆ ಅಂತ ಕೈಯಲ್ಲಿ ತೋರ್ಸಿದೆ. ಬರ್ಕೊಂಡು ಹೋದ್ರು."

"ಮೀನು ಹತ್ತೋದು ಹೇಳಿದ್ರಾ?"

"ಇಲ್ಲ ಮಾರಾಯ. ಅವ್ರು ಕೇಳ್ಲಿಲ್ಲ, ನಂಗೂ ಹೊಳೀಲಿಲ್ಲ."